ನಂಬರ್ ನಲವತ್ತೊಂದಕ್ಕೆ ಪೋಷಕರಿಲ್ಲ

ಒಂದು ಹೆಸರು ಟೈಪ್ ಮಾಡಿದರೆ ಮುಗಿಯಿತಲ್ಲ? ಯಾವ ಹೆಸರಾದರೇನು, ಕಂಪ್ಯೂಟರೇನು ಮುಖ ನೋಡುತ್ತದೆಯೇ? ಆ ಖಾಲಿ ಚೌಕಕ್ಕೆ ನಾಲ್ಕು ಅಕ್ಷರ ಬೇಕು, ಅಷ್ಟೆ. ನಲವತ್ತೊಂದನೇ ನಂಬರಿನವರ ಮಗನ ಹೆಸರು ಹಾಕಬಹುದು. ತನ್ನದೇ ಹೆಸರು ಹಾಕಬಹುದು. ಹಟ್ಟಿಯಲ್ಲಿ ಮೆಲುಕು ಹಾಕುತ್ತಿರುವ ಅವರ ಹಸುವಿನ ಹೆಸರು ಹಾಕಿದರೂ ಈ ಕೆಂಪು ಸಾಲು ಹಸಿರಾಗುತ್ತದೆ. ಹಾಕಿಬಿಡಲೇ? ಹಾಕಿದರೆ ಯಾರಿಗೆ ಗೊತ್ತಾಗುತ್ತದೆ? ಯಾರಿಗೂ ಇಲ್ಲ. ಹಾಗಿದ್ದ ಮೇಲೆ ಬೆರಳು ಯಾಕೆ ಇಳಿಯುತ್ತಿಲ್ಲ?

ಹೆಮ್ಮರಗಾಲದ ಹಾಲಿನ ಡೈರಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪ್ರೇಮ್‌ಕುಮಾರ್ ಖಾಲಿ ಕ್ಯಾನೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತಿದ್ದಾರೆ. ಇನ್ನೊಂದು ಕ್ಯಾನಿನ ಮೇಲೆ ಲ್ಯಾಪ್‌ಟಾಪ್. ಎದುರಿಗೆ ಸರತಿ ಸಾಲು: ಸ್ಟೀಲ್ ಬಿಂದಿಗೆ, ಅಲ್ಯೂಮಿನಿಯಂ ಕ್ಯಾನು, ಒಬ್ಬರ ಕೈಯಲ್ಲಿ ಬಣ್ಣದ ಖಾಲಿ ಡಬ್ಬ. ಒಬ್ಬೊಬ್ಬರೇ ತಮ್ಮ ನಂಬರು ಕೂಗಿ ಹಾಲು ಸುರಿಯುತ್ತಾರೆ. ಡೈರಿಯಲ್ಲಿ ಯಾರಿಗೂ ಹೆಸರಿಲ್ಲ, ನಂಬರೇ ಹೆಸರು. "ನಲವತ್ತೊಂದು" ಎಂಬ ಕೂಗು ಕೇಳಿದ ಕೂಡಲೇ ಪ್ರೇಮ್‌ಕುಮಾರ್ ತಲೆ ಇನ್ನಷ್ಟು ಬಗ್ಗಿಸುತ್ತಾರೆ. ಪ್ರಯೋಜನವಾಗುವುದಿಲ್ಲ.

"ಏನ್ಲಾ ಪ್ರೇಮ, ಇವತ್ತು ನಂಗೆಷ್ಟ್ ವರ್ಸ?"

"ನಾಲ್ಕೇ ಕಣವ್ವ."

"ನೆನ್ನೇನೂ ನಾಲ್ಕೇ ಇತ್ತು. ಕೂಸು ಬೆಳೀತಾನೇ ಇಲ್ವಲ್ಲ. ಆಲು ಗೀಲು ಕುಡೀತದೋ ಇಲ್ವೋ?"

"ಇರೋ ಆಲ್ನೆಲ್ಲ ತಂದು ಇಲ್ಲೇ ಉಯ್ದ್ರೆ ಕೂಸು ಎಲ್ಲಿ ಕುಡಿದಾತು?" ಎಂದು ಸಾಲಿನ ಹಿಂದಿನಿಂದ ಯಾರೋ ಹೇಳುತ್ತಾರೆ. ಡೈರಿಯೆಲ್ಲ ನಗುತ್ತದೆ. ನಲವತ್ತೊಂದು ನಂಬರಿನ ಪುಟ್ಟಮಾದಮ್ಮ ನಗುವುದಿಲ್ಲ. ಬಿಂದಿಗೆ ಬಗ್ಗಿಸಿ ಕೊನೆಯ ತೊಟ್ಟು ಬೀಳುವ ತನಕ ಕಾದು, ಸೆರಗಿನಿಂದ ಬಾಯಿ ಒರೆಸಿಕೊಂಡು ಹೊರಡುತ್ತಾರೆ. ಅವರಿಗೆ ಅರವತ್ತಾರು ವರ್ಷ. ಬ್ಯಾಂಕಿನ ಕಂಪ್ಯೂಟರಿನಲ್ಲಿ ಮಾತ್ರ ನಾಲ್ಕು.

ಇದು ಹೇಗಾಯಿತು ಎಂದು ಹೇಳುವ ಮೊದಲು ಪ್ರೇಮ್‌ಕುಮಾರ್ ಏನು ಕೆಲಸ ಮಾಡುತ್ತಾರೆ ಎಂದು ಹೇಳಬೇಕು. ಕಷ್ಟ ಇರುವುದೇ ಅಲ್ಲಿ. ಮುಡುಕುತೊರೆಯ ಹತ್ತಿರದ ಊರಿನಲ್ಲಿ ಕೂಲಿ ಮಾಡಿ ಮಗನಿಗೆ ಬಿ.ಕಾಂ. ಓದಿಸಿದ ಅಪ್ಪ ಚಲುವಯ್ಯನವರನ್ನು ಯಾರಾದರೂ "ಮಗ ಎಲ್ಲಿ ಕೆಲ್ಸ?" ಎಂದು ಕೇಳಿದರೆ ಅವರು ಹೇಳುತ್ತಾರೆ: "ಡೈರೀಲೂ ಅಲ್ಲ, ಬ್ಯಾಂಕ್ನಲ್ಲೂ ಅಲ್ಲ ಕಣಪ್ಪ. ಎರಡರ ಮಧ್ಯೆ ರೋಡಲ್ಲಿ."

ಅಪ್ಪ ಹೇಳಿದ್ದು ಒಂದು ಕಾಲಕ್ಕೆ ಅಕ್ಷರಶಃ ನಿಜ. ಹಳ್ಳಿಗಳ ಹಾಲಿನ ಲೆಕ್ಕವೆಲ್ಲ ನಂಜನಗೂಡಿನ ಒಕ್ಕೂಟಕ್ಕೆ ಬರುತ್ತದೆ. ಹದಿನೈದು ದಿನಕ್ಕೊಮ್ಮೆ ಹಾಲಿನ ಬಟವಾಡೆ ಆಗುವುದು ತಿರುಮಕೂಡಲು ನರಸೀಪುರದ ಸಹಕಾರಿ ಬ್ಯಾಂಕಿನಿಂದ. ಹಸುಗಳ ವಿಮೆಯ ಕಚೇರಿ ಇರುವುದೂ ನರಸೀಪುರದಲ್ಲೇ. ಮೂರಕ್ಕೂ ಮೂರು ಬೇರೆ ಕಂಪ್ಯೂಟರು, ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ಹಾಗಾಗಿ ಒಕ್ಕೂಟದ ಗುತ್ತಿಗೆ ನೌಕರನಾದ ಪ್ರೇಮ್‌ಕುಮಾರ್ ಲೆಕ್ಕವನ್ನೆಲ್ಲ ಪೆನ್‌ಡ್ರೈವ್‌ಗೆ ಇಳಿಸಿ, ಅಂಗಿಯ ಜೇಬಿಗೆ ಹಾಕಿಕೊಂಡು, ಸುತ್ತೂರಿನ ಮೇಲೆ ಬೈಕಿನಲ್ಲಿ ನರಸೀಪುರಕ್ಕೆ ಹೋಗುತ್ತಿದ್ದರು. ಅಲ್ಲಿ ಕೂತು ಒಂದೊಂದು ಸಾಲನ್ನೂ ಬ್ಯಾಂಕಿಗೆ ಅರ್ಥವಾಗುವ ಹಾಗೆ ಮತ್ತೆ ಹೊಡೆಯುತ್ತಿದ್ದರು. ಒಮ್ಮೆ ಆ ಅಂಗಿ ಜೇಬಿನ ಸಮೇತ ಬಕೆಟ್ಟಿಗೆ ಬಿತ್ತು.

"ಜೇಬು ನೋಡದೆ ಒಗೆದಿದ್ದು ನನ್ನ ತಪ್ಪಂತೆ," ಎನ್ನುತ್ತಾರೆ ಹೆಂಡತಿ ರೋಜಾ. "ಒಂದು ತಾಲ್ಲೂಕಿನ ದುಡ್ಡನ್ನ ಜೇಬಲ್ಲಿಟ್ಕೊಂಡು ಮನೆಗೆ ಬಂದಿದ್ದು ಅವರ ತಪ್ಪಲ್ವಂತೆ."

ಸೋಪಿನ ನೊರೆಯಲ್ಲಿ ಕೈಯಾಡಿಸಿ ಪೆನ್‌ಡ್ರೈವ್ ಹುಡುಕುತ್ತಿದ್ದಾಗಲೇ ಪ್ರೇಮ್‌ಕುಮಾರ್‌ಗೆ ಅನ್ನಿಸಿದ್ದು, ಮೂರು ಕಚೇರಿಗೂ ಒಂದೇ ನಮೂನೆ ಇದ್ದರೆ ಈ ಬೈಕೂ ಬೇಡ, ಜೇಬೂ ಬೇಡ ಎಂದು. ಒಬ್ಬರು ಬರೆದದ್ದನ್ನು ಇನ್ನಿಬ್ಬರು ಹಾಗೆಯೇ ಓದುವಂಥ ಸಾಮಾನ್ಯ ನಮೂನೆ. ಕೇಳಲು ಸುಲಭ. ನಾಲ್ಕು ವರ್ಷ ಹಿಡಿಯಿತು.

ಮೊದಲ ಜಗಳ 'ದಿನ' ಎಂದರೆ ಏನು ಎನ್ನುವುದಕ್ಕೆ. ಡೈರಿಗೆ ದಿನ ಶುರುವಾಗುವುದು ಸಂಜೆ. ಸಂಜೆಯ ಹಾಲು, ಮಾರನೇ ಬೆಳಗಿನ ಹಾಲು ಒಟ್ಟಿಗೆ ಲಾರಿ ಹತ್ತಬೇಕಲ್ಲ. ಬ್ಯಾಂಕಿಗೆ ದಿನ ಶುರುವಾಗುವುದು ಬೀಗ ತೆಗೆದ ಮೇಲೆ. ವಿಮೆಯವರಿಗೆ ನಡುರಾತ್ರಿ ಕಳೆದರೆ ಇನ್ನೊಂದು ದಿನ. ಹಸು ಹನ್ನೆರಡಕ್ಕೆ ಮೊದಲು ಸತ್ತಿತೋ ಆಮೇಲೆ ಸತ್ತಿತೋ ಎಂಬುದೇ ಅವರಿಗೆ ಮುಖ್ಯ. 'ಇವತ್ತು' ಯಾವತ್ತು ಎಂದು ಮೂವರೂ ಒಪ್ಪುವುದಕ್ಕೆ ಒಂದು ಬೇಸಿಗೆ, ಒಂದು ಮಳೆಗಾಲ ಹೋಯಿತು. ಆಮೇಲೆ ಎಮ್ಮೆಗಳ ಗಲಾಟೆ. ಡೈರಿಯ ಕಂಪ್ಯೂಟರಿನಲ್ಲಿ 'ಬಿ' ಎಂದರೆ ಎಮ್ಮೆ ಹಾಲು. ಬ್ಯಾಂಕಿನಲ್ಲಿ 'ಬಿ' ಎಂದರೆ ಬಂದ್ ಮಾಡಿದ ಖಾತೆ. ಮೊದಲ ಪರೀಕ್ಷೆಯ ದಿನ ಎಮ್ಮೆ ಸಾಕಿದವರ ಖಾತೆಗಳೆಲ್ಲ ಬೀಗ ಜಡಿದುಕೊಂಡವು. "ಅಸ ಸಾಕ್ದೋರಿಗೊಂದು ನ್ಯಾಯ, ಎಮ್ಮೆ ಸಾಕ್ದೋರಿಗೊಂದು ನ್ಯಾಯವೇನ್ರಯ್ಯ?" ಎಂದು ಒಂದು ಊರಿನವರು ಟ್ರ್ಯಾಕ್ಟರ್ ಮಾಡಿಕೊಂಡು ಬಂದರು.

ಇಷ್ಟರಲ್ಲೂ ಪ್ರೇಮ್‌ಕುಮಾರ್ ಹೆಸರು ಎಲ್ಲೂ ಇಲ್ಲ. ಒಕ್ಕೂಟದ ವರದಿಯಲ್ಲಿ ಅದು ಬ್ಯಾಂಕಿನ ಸಾಧನೆ, ಬ್ಯಾಂಕಿನ ವರದಿಯಲ್ಲಿ ಒಕ್ಕೂಟದ ಸಹಕಾರ. ಬ್ಯಾಂಕಿನ ಮ್ಯಾನೇಜರ್ ಬದರೀನಾರಾಯಣ ನರಸೀಪುರದ ಅರ್ಚಕರ ಮನೆತನದವರು. ಅವರು ಇದನ್ನು ತಮ್ಮ ಊರಿನ ಮಾತಿನಲ್ಲೇ ಹೇಳುತ್ತಾರೆ: "ಸಂಗಮದಲ್ಲಿ ಕಾವೇರಿ ಕಾಣ್ತಾಳೆ, ಕಪಿಲೆ ಕಾಣ್ತಾಳೆ. ಮೂರನೇದು ಸ್ಫಟಿಕ ಸರೋವರ ಅಂತ ಇದೆ. ಇದೆ ಅಂತ ಎಲ್ಲರೂ ಹೇಳ್ತಾರೆ, ಯಾರೂ ನೋಡಿಲ್ಲ. ನಮ್ಮ ಪ್ರೇಮ್‌ಕುಮಾರ್ ಆ ಕೇಸು."

ನೋಡದ ಸರೋವರಕ್ಕೂ ಜನ ಕೈಮುಗಿಯುತ್ತಾರೆ. ಪ್ರೇಮ್‌ಕುಮಾರ್‌ಗೆ ಕೂರುವುದಕ್ಕೆ ಕ್ಯಾನು.

ನಮೂನೆ ಸಿದ್ಧವಾದ ಮೇಲೆ ಮೊದಲ ಪ್ರಯೋಗಕ್ಕೆ ಹೆಮ್ಮರಗಾಲವನ್ನು ಆರಿಸಿದರು. ಡೈರಿಯ ಕಾರ್ಯದರ್ಶಿ ಮಹಾದೇವಸ್ವಾಮಿ ಸದಸ್ಯರ ಹೆಸರು, ಗುರುತಿನ ಸಂಖ್ಯೆ, ಹುಟ್ಟಿದ ದಿನ ತುಂಬಿ ಕಳಿಸಬೇಕಿತ್ತು. ಗುರುತಿನ ಸಂಖ್ಯೆಗೆ ಹನ್ನೆರಡು ಅಂಕಿ. ಪ್ರೇಮ್‌ಕುಮಾರ್ ಮನಸ್ಸಿನಲ್ಲಿದ್ದದ್ದು ಆಧಾರ್. ಆದರೆ ಹಸುವಿನ ಕಿವಿಗೆ ಪಶು ಆಸ್ಪತ್ರೆಯವರು ಚುಚ್ಚುವ ಹಳದಿ ಓಲೆಯಲ್ಲೂ ಹನ್ನೆರಡೇ ಅಂಕಿ. ಸದಸ್ಯರ ಆಧಾರ್ ಕಾರ್ಡುಗಳು ಟ್ರಂಕಿನಲ್ಲೋ ಮಗಳ ಮನೆಯಲ್ಲೋ ಇದ್ದವು. ಹಸುಗಳ ಓಲೆಯ ಪಟ್ಟಿ ಮಾತ್ರ ವಿಮೆಯ ಕ್ಯಾಂಪಿನಿಂದ ಅಚ್ಚುಕಟ್ಟಾಗಿ ಪ್ರಿಂಟಾಗಿ ಮಹಾದೇವಸ್ವಾಮಿಯವರ ಮೇಜಿನ ಮೇಲೇ ಇತ್ತು, ಹುಟ್ಟಿದ ದಿನದ ಸಮೇತ.

ಇವತ್ತಿಗೂ ಅವರಿಗೆ ಪಶ್ಚಾತ್ತಾಪವಿಲ್ಲ. "ಗುರುತಿನ ನಂಬರು ಕೇಳಿದ್ರು, ಅನ್ನೆರಡು ಅಂಕಿ ಅಂದ್ರು. ಕೊಟ್ಟೆ. ಯಾರ್ದು ಅಂತ ಕೇಳಿದ್ರಾ? ಡೈರಿಗೆ ಆಲು ಕೊಡೋರು ಯಾರು ಸಾ, ಪುಟ್ಟಮಾದಮ್ಮನಾ? ಅಸು ತಾನೇ?"

ಮಾತು ಅಲ್ಲಗಳೆಯುವಂಥದ್ದಲ್ಲ. ಬ್ಯಾಂಕಿನ ಕಂಪ್ಯೂಟರೂ ಅಲ್ಲಗಳೆಯಲಿಲ್ಲ. ಹನ್ನೆರಡು ಅಂಕಿ ಸರಿಯಾಗಿದೆ ಎಂದು ಒಪ್ಪಿಕೊಂಡು, ಆಮೇಲೆ ಹುಟ್ಟಿದ ದಿನ ನೋಡಿತು. ಹೆಮ್ಮರಗಾಲದ ಸದಸ್ಯರಲ್ಲಿ ಒಬ್ಬರಿಗೂ ಹತ್ತು ವರ್ಷ ದಾಟಿಲ್ಲ ಎಂದು ಕಂಡುಕೊಂಡಿತು. ಎಲ್ಲರನ್ನೂ ಮೈನರ್ ಎಂದು ಬರೆದು ಖಾತೆಗಳನ್ನು ತಡೆಹಿಡಿಯಿತು. ಪ್ರತಿ ಸಾಲೂ ಕೆಂಪು. ಪ್ರತಿ ಸಾಲಿನ ಕೊನೆಗೂ ಒಂದು ಖಾಲಿ ಚೌಕ: ಪೋಷಕರ ಹೆಸರು.

ಬಟವಾಡೆ ನಿಂತಿತು. ಊರು ಮೊದಲು ಬೈದಿತು, ಆಮೇಲೆ ನಕ್ಕಿತು, ಆಮೇಲೆ ಪೋಷಕರನ್ನು ಹುಡುಕಿತು. ವಯಸ್ಸಿಗೆ ಬಂದ ಮಕ್ಕಳು ಅಪ್ಪ ಅಮ್ಮಂದಿರಿಗೆ ಪೋಷಕರಾಗಿ ಸಹಿ ಹಾಕಿದರು. ಎಂಬತ್ತರ ದೊಡ್ಡಸಿದ್ದಯ್ಯನವರಿಗೆ ಕಾಲೇಜು ಮುಗಿಸಿದ ಮೊಮ್ಮಗನೇ ಪೋಷಕ. "ಸೈನ್ ಆಕಿದ್ದೇ ಆಕಿದ್ದು, ಬೀಡಿ ಸೇದ್ಬ್ಯಾಡ ಅಂತಾನೆ ಬಡ್ಡೈದ. ಕೇಳುದ್ರೆ ನಾನು ನಿನ್ ಪೋಷಕ ಅಂತಾನೆ," ಎಂದು ಅವರು ಡೈರಿಯ ಜಗುಲಿಯಲ್ಲಿ ಕೂತು ಗೊಣಗುತ್ತಾರೆ. ಮನೆಯಲ್ಲಿ ಮಕ್ಕಳಿಲ್ಲದ ಗಂಡ ಹೆಂಡತಿ ಇಬ್ಬರು ಒಬ್ಬರಿಗೊಬ್ಬರು ಪೋಷಕರಾಗಲು ಹೊರಟರು. ಮೈನರ್ ಇನ್ನೊಬ್ಬ ಮೈನರ್‌ಗೆ ಪೋಷಕನಾಗುವಂತಿಲ್ಲ ಎಂದು ಕಂಪ್ಯೂಟರ್ ತಳ್ಳಿಹಾಕಿತು. ಮಹಾದೇವಸ್ವಾಮಿ ಗಾಬರಿಯಾದರು: "ಗಂಡಂಗೆ ಮೂರು ವರ್ಸ, ಎಂಡ್ತಿಗೆ ಐದು. ಬಾಲ್ಯವಿವಾಹ ಅಂತ ಪೊಲೀಸ್ರು ಬರ್ದೇ ಇದ್ರೆ ಸಾಕು ಕಣ್ಲಾ ಪ್ರೇಮು!" ಕೊನೆಗೆ ಒಬ್ಬ ಅಣ್ಣನ ಮಗ ಸಿಕ್ಕಿದ.

ಹೀಗೆ ಒಂದೊಂದೇ ಸಾಲು ಹಸಿರಾಯಿತು. ನಲವತ್ತೊಂದು ಆಗಲಿಲ್ಲ.

ಪುಟ್ಟಮಾದಮ್ಮನಿಗೆ ನಂಜನಗೂಡಿನ ಕಾರ್ಖಾನೆಯಲ್ಲಿ ದುಡಿಯುವ ಮಗನಿದ್ದಾನೆ. ಸಹಿ ಹಾಕಲು ಅವನೂ ತಯಾರು. ತಾಯಿ ಒಪ್ಪಲಿಲ್ಲ. "ಅವ್ನ ಮೂಗು ಒರಸ್ದೋಳು ನಾನು. ನಾನು ಅವಂಗೆ ಪೋಷಕಿ, ಅವ್ನು ನಂಗಲ್ಲ." ಡೈರಿಗೆ ಹಾಲು ಹಾಕುವುದನ್ನು ಅವರು ನಿಲ್ಲಿಸಲಿಲ್ಲ. ಹಿಂಡಿ ಬೂಸಾ ಕಡ ತಂದರು. ಹೆಸರು ಮಾತ್ರ ಕೊಡಲಿಲ್ಲ.

ವಯಸ್ಸನ್ನೇ ತಿದ್ದಿಬಿಟ್ಟರಾಯಿತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಪ್ರೇಮ್‌ಕುಮಾರ್‌ಗೂ ಅನ್ನಿಸಿತ್ತು. ನಾಲ್ಕನ್ನು ಅಳಿಸಿ ಅರವತ್ತಾರು ಮಾಡಿ ಕಳಿಸಿದರು. ಸಾಮಾನ್ಯ ನಮೂನೆಯ ಮಹಿಮೆಯೇ ಅದಲ್ಲವೇ, ಒಂದು ಕಡೆ ತಿದ್ದಿದರೆ ಮೂರೂ ಕಡೆ ತಿದ್ದಿಕೊಳ್ಳುತ್ತದೆ. ಅರ್ಧ ಗಂಟೆಯೊಳಗೆ ವಿಮೆ ಕಚೇರಿಯ ಚಂದ್ರಶೇಖರ್ ಫೋನು ಮಾಡಿದರು.

"ಏನ್ರೀ ಪ್ರೇಮ್, ನಿಮ್ಮ ಗೌರಿ ಅನ್ನೋ ಹಸುಗೆ ಅರವತ್ತಾರು ವರ್ಷ ಅಂತ ಬಂದಿದೆ?"

"ಅದು ಅವ್ವನ ವಯಸ್ಸು ಸಾರ್."

"ಯಾರದ್ದಾದ್ರೂ ಆಗ್ಲಿ. ಅರವತ್ತಾರರ ಹಸುಗೆ ವಿಮೆ ಕೊಡೋಕಾಗಲ್ಲ. ಅದು ಬದುಕಿದೆ ಅನ್ನೋದೇ ಡೌಟು. ಪಾಲಿಸಿ ಕ್ಯಾನ್ಸಲ್ ಮಾಡ್ಲಾ?"

ಗೌರಿ ಮೂರು ತಿಂಗಳ ಗಬ್ಬ. ಪ್ರೇಮ್‌ಕುಮಾರ್ ಬೇಡ ಬೇಡ ಎಂದು ಬೇಡಿಕೊಂಡು ಮತ್ತೆ ನಾಲ್ಕು ಮಾಡಿದರು. ಪುಟ್ಟಮಾದಮ್ಮ ದೊಡ್ಡವರಾದರೆ ಹಸು ಮುದಿಯಾಗುತ್ತದೆ, ಹಸು ಎಳೆಯದಾದರೆ ಪುಟ್ಟಮಾದಮ್ಮ ಕೂಸಾಗುತ್ತಾರೆ. ಇಬ್ಬರೂ ಒಂದೇ ಸಾಲಿನಲ್ಲಿ ಸಿಕ್ಕಿಕೊಂಡಿದ್ದರು. ಬಿಡಿಸಬೇಕೆಂದರೆ ಮನುಷ್ಯರಿಗೆ ಒಂದು ಕಾಲಂ, ಜಾನುವಾರಿಗೆ ಒಂದು ಕಾಲಂ ಮಾಡಬೇಕು. ಅದಕ್ಕೆ ಮೂರು ಕಚೇರಿಯವರೂ ಒಂದೆಡೆ ಕೂತು ಒಪ್ಪಬೇಕು. 'ಇವತ್ತು' ಯಾವತ್ತೆಂದು ಒಪ್ಪುವುದಕ್ಕೆ ಒಂದು ಮಳೆಗಾಲ ತೆಗೆದುಕೊಂಡ ಮೂವರು.

ಮಳೆಗಾಲದಷ್ಟು ಸಮಯವಿರಲಿಲ್ಲ. ತಿಂಗಳ ಕೊನೆಗೆ ಒಕ್ಕೂಟದ ಆಡಳಿತ ಮಂಡಳಿಯ ಸಭೆ. ಪ್ರಯೋಗದಲ್ಲಿ ಒಂದೇ ಒಂದು ಕೆಂಪು ಸಾಲು ಉಳಿದರೂ ಈ ನಮೂನೆ ಬೇಡ, ಹಳೇ ಪೆನ್‌ಡ್ರೈವೇ ಸಾಕು ಎನ್ನಲು ಕಾದಿದ್ದವರು ಅಲ್ಲಿದ್ದರು. ನಮೂನೆ ಹೋದರೆ ಪ್ರೇಮ್‌ಕುಮಾರ್ ಗುತ್ತಿಗೆಯೂ ಹೋಗುತ್ತದೆ. ಒಕ್ಕೂಟದ ಲೆಕ್ಕಾಧಿಕಾರಿ ಪ್ರಿಯಂವದಾ ಮೇಡಂ ಕೆಟ್ಟವರಲ್ಲ. ಅವರು ಬಾಗಿಲು ಅರ್ಧ ಮುಚ್ಚಿ ಹೇಳಿದರು: "ಪ್ರೇಮ್, ಆ ಚೌಕಕ್ಕೆ ಯಾವುದೋ ಒಂದು ಹೆಸರು ಹಾಕಿಬಿಡಿ. ನಾನು ಕೇಳಲ್ಲ. ನೀವು ಹೇಳಬೇಡಿ."

ಹಾಗಾಗಿ ಆ ಬೆಳಿಗ್ಗೆ ಪ್ರೇಮ್‌ಕುಮಾರ್ ಕ್ಯಾನಿನ ಮೇಲೆ ಕೂತು ಖಾಲಿ ಚೌಕ ನೋಡುತ್ತಿರುವುದು. ಲಾರಿ ಬಂದು ಹಾಲು ತುಂಬಿಕೊಂಡು ಹೋಗುತ್ತದೆ. ನೆಲಕ್ಕೆ ನೀರು ಹೊಡೆದು ತೊಳೆಯುತ್ತಾರೆ. ಅವರ ಕಾಲಿನ ಬುಡಕ್ಕೂ ನೀರು ಬರುತ್ತದೆ. ಕೊನೆಗೆ ಲ್ಯಾಪ್‌ಟಾಪ್ ಮಡಚಿ ನೇರವಾಗಿ ಪುಟ್ಟಮಾದಮ್ಮನ ಹಟ್ಟಿಗೆ ಹೋಗುತ್ತಾರೆ.

"ಅವ್ವ, ನರಸೀಪುರಕ್ಕೆ ಬತ್ತೀಯಾ? ಬ್ಯಾಂಕಿನೋರಿಗೆ ನಿನ್ನ ತೋರಿಸ್ಬೇಕು."

"ಎಣ್ಣು ತೋರ್ಸಕ್ಕೇನ್ಲಾ?" ಎನ್ನುತ್ತಾ ಅವರು ಆಗಲೇ ಸೀರೆ ಬದಲಾಯಿಸಲು ಒಳಗೆ ಹೋಗಿರುತ್ತಾರೆ.

ಬೈಕಿನಲ್ಲಿ ದಾರಿಯುದ್ದಕ್ಕೂ ಒಂದೇ ಮಾತು. ಗುಂಡಿ ಬಂದಾಗಲೆಲ್ಲ ಬೆನ್ನಿಗೊಂದು ಗುದ್ದು: "ಮೆಲ್ಲಗೆ ಓಡ್ಸ್ಲಾ, ಇಂದೆ ಮಗು ಕುಂತದೆ."

ಬ್ಯಾಂಕಿನಲ್ಲಿ ಬದರೀನಾರಾಯಣ ಎದ್ದು ಕುರ್ಚಿ ಕೊಡುತ್ತಾರೆ. ಪುಟ್ಟಮಾದಮ್ಮ ಕೂರುತ್ತಾರೆ. ಪ್ರೇಮ್‌ಕುಮಾರ್‌ಗೆ ಕುರ್ಚಿ ಇಲ್ಲ, ಕ್ಯಾನೂ ಇಲ್ಲ. ಗೋಡೆಗೆ ಒರಗಿ ನಿಲ್ಲುತ್ತಾರೆ.

"ನಿಮ್ಮ ವಯಸ್ಸು ಎಷ್ಟಮ್ಮಾ?"

"ನಿಮ್ ಪ್ರಕಾರ್ವೋ ನನ್ ಪ್ರಕಾರ್ವೋ ಸಾ?"

ಮ್ಯಾನೇಜರ್ ಕೆಮ್ಮುತ್ತಾರೆ. ಅಷ್ಟು ಹೊತ್ತಿಗೆ ಕೌಂಟರಿನ ಹುಡುಗಿ ಪಲ್ಲವಿ ಒಂದು ಪ್ಲಾಸ್ಟಿಕ್ ಹುಂಡಿ ತಂದು ಮೇಜಿನ ಮೇಲಿಟ್ಟು ಹೋಗುತ್ತಾಳೆ. ಹಂದಿಮರಿಯ ಆಕಾರ, ಕೆಂಪು ಬಣ್ಣ. ಮಕ್ಕಳ ಖಾತೆಗೆ ಬ್ಯಾಂಕು ಕೊಡುವ ಉಡುಗೊರೆ. ಪಟ್ಟಿಯಲ್ಲಿ ಹೊಸ ಮೈನರ್ ಎಂದು ಬಂದಿದೆ, ಅವಳು ತನ್ನ ಕೆಲಸ ಮಾಡಿದ್ದಾಳೆ. ಬದರೀನಾರಾಯಣ ನಾಚಿಕೆಯಿಂದ ಅದನ್ನು ಎತ್ತಿಡಲು ಹೋಗುತ್ತಾರೆ.

"ಇರ್ಲಿ ಕೊಡಿ ಸಾ. ಮಕ್ಳಿಗೆ ಕೊಡೋದು ಕಿತ್ಕೋಬಾರ್ದು," ಎಂದು ಪುಟ್ಟಮಾದಮ್ಮ ಹುಂಡಿಯನ್ನು ಮಡಿಲಿಗೆ ಹಾಕಿಕೊಳ್ಳುತ್ತಾರೆ.

"ನೋಡಿ ಅಮ್ಮ, ಪೋಷಕರು ಅಂದ್ರೆ ಬರೀ ಒಂದು ಹೆಸರು. ಮಗಂದು ಹಾಕಿದ್ರೆ ಈಗಲೇ ದುಡ್ಡು ತಗೊಂಡು ಹೋಗ್ಬಹುದು."

"ಬರೀ ಒಂದೆಸ್ರು ಅಂತೀರಿ. ನಿಮ್ಗೆ ಯಾರು ಸಾ ಪೋಷಕ್ರು?"

ಫ್ಯಾನು ತಿರುಗುತ್ತದೆ. ಪುಟ್ಟಮಾದಮ್ಮ ಹುಂಡಿಯ ಸಂದಿಯನ್ನು ಬೆರಳಿನಿಂದ ಸವರುತ್ತಾ, ಯಾರಿಗೂ ಅಲ್ಲ ಎನ್ನುವ ಹಾಗೆ ಹೇಳುತ್ತಾರೆ: "ನಮ್ಮೋರು ತೀರ್ಕೊಂಡು ತಿಥಿ ಕೂಡ ಆಗಿರ್ನಿಲ್ಲ. ಮೈದ್ನ ಒಂದ್ ಕಾಗ್ದ ತಂದ. ನಿನ್ನ, ಕೂಸ್ನ ನಾನೇ ನೋಡ್ಕೋತೀನಿ, ಎಬ್ಬೆಟ್ಟು ಒತ್ತು ಅಂದ. ಒತ್ನಿಲ್ಲ. ಕಿವಿ ಓಲೆ ಮಾರ್ಬುಟ್ಟು ಅಸ ತಂದೆ. ಡೈರೀಲಿ ನಲವತ್ತೊಂದು ಅಂತ ನಂಬ್ರು ಕೊಟ್ರು. ನನ್ ಓಲೆ ಓಯ್ತು, ಈಗ ಅಸೀನ ಕಿವೀಲದೆ ಓಲೆ. ಇರ್ಲಿ. ಆ ನಂಬ್ರು ನಂದು ಸಾ. ಅದ್ರ ಪಕ್ಕ ಇನ್ನೊಬ್ರ ಎಸ್ರು ಬ್ಯಾಡ."

ಗೋಡೆಗೆ ಒರಗಿದ ಪ್ರೇಮ್‌ಕುಮಾರ್ ನೆಲ ನೋಡುತ್ತಾರೆ. ಬೆಳಿಗ್ಗೆ ಇಳಿಯದೆ ನಿಂತ ಬೆರಳನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಿದ್ದಾರೆ. ಬದರೀನಾರಾಯಣ ಕನ್ನಡಕ ತೆಗೆದು ಒರೆಸಿ, ಫೋನು ಎತ್ತಿಕೊಳ್ಳುತ್ತಾರೆ. ಮೊದಲು ಚಂದ್ರಶೇಖರ್‌ಗೆ, ಆಮೇಲೆ ಪ್ರಿಯಂವದಾ ಮೇಡಂಗೆ. ನಾಳೆಯೇ ಕೂರೋಣ.

ಎಲ್ಲಿ ಕೂರುವುದು ಎಂಬುದೇ ಪ್ರಶ್ನೆಯಾಯಿತು. ನಂಜನಗೂಡಿನವರು ನರಸೀಪುರಕ್ಕೆ ಹೋದರೆ ಚಿಕ್ಕವರಾದಂತೆ, ನರಸೀಪುರದವರು ನಂಜನಗೂಡಿಗೆ ಬಂದರೂ ಅಷ್ಟೆ. ಗಂಡಿನ ಕಡೆಯವರು ಹೆಣ್ಣಿನ ಕಡೆಯವರು ಮಾತುಕತೆಗೆ ನಡುವಿನ ಊರು ಹುಡುಕುವ ಹಾಗೆ ಹುಡುಕಿ ಸುತ್ತೂರು ಎಂದು ತೀರ್ಮಾನವಾಯಿತು. ಬಸ್ಸು ನಿಲ್ಲುವ ಕಡೆಯ ಹೋಟೆಲಿನಲ್ಲಿ, ಕೈ ತೊಳೆಯುವ ನಲ್ಲಿಯ ಪಕ್ಕದ ಮೇಜಿನಲ್ಲಿ, ಸೆಟ್ ದೋಸೆಯ ಮುಂದೆ ಸಭೆ.

ಎರಡು ಕಾಲಂ ಬೇಕೆನ್ನುವುದನ್ನು ದೋಸೆ ಬರುವ ಮೊದಲೇ ಒಪ್ಪಿದರು. ಯಾವುದು ಮೊದಲು ಎನ್ನುವುದಕ್ಕೆ ದೋಸೆ ಮುಗಿಯಿತು. ಹಸುವೇ ಮೊದಲು, ಅದಿಲ್ಲದೆ ಹಾಲೆಲ್ಲಿ ಎಂದರು ಪ್ರಿಯಂವದಾ. ಮನುಷ್ಯರು ಮೊದಲು, ಹಸು ಬಂದು ಚೆಕ್ಕಿಗೆ ಸಹಿ ಹಾಕುವುದಿಲ್ಲ ಎಂದರು ಬದರೀನಾರಾಯಣ. ಚಂದ್ರಶೇಖರ್ ಚಟ್ನಿ ಕೇಳುತ್ತಾ, "ನನಗೆ ಯಾವುದಾದ್ರೂ ಸರಿ. ನಮ್ಮ ಕೆಲಸ ಶುರುವಾಗೋದು ಹಸು ಸತ್ತ ಮೇಲೆ," ಎಂದರು. ಆಮೇಲೆ ಅವರೇ ಒಂದು ಕೊಕ್ಕೆ ಹಾಕಿದರು: "ಎರಡನ್ನೂ ಬೇರೆ ಮಾಡಿದ್ರೆ, ನಾಳೆ ಅಮ್ಮ ಹಸು ಮಾರಿದ್ರೆ ಏನ್ರೀ?"

ಅಲ್ಲಿಯ ತನಕ ಸುಮ್ಮನೆ ಎಲ್ಲರ ಲೋಟಕ್ಕೂ ನೀರು ಹಾಕುತ್ತಿದ್ದ ಪ್ರೇಮ್‌ಕುಮಾರ್, "ಹಸು ಹೋಗ್ತದೆ. ಅವ್ವ ಇರ್ತಾರೆ," ಎಂದರು.

"ಅಮ್ಮ ಹೋದ್ರೆ?"

ಒಂದು ಬಸ್ಸು ಬಂದು ನಿಂತು, ಜನ ಇಳಿದು, ಹೊರಟು ಹೋಯಿತು.

"ಹಸು ಇರ್ತದೆ ಸಾರ್."

ಬದರೀನಾರಾಯಣ, "ಮನುಷ್ಯರದ್ದೇ ಮೊದಲು ಬರಲಿ ಮೇಡಂ," ಎಂದರು. ಪ್ರಿಯಂವದಾ ತಲೆಯಾಡಿಸಿದರು. ಹೊಸ ಕಾಲಂ ಹುಟ್ಟಿದ್ದು ಹೀಗೆ. ಬಿಲ್ಲು ಬಂದಾಗ ಮತ್ತೆ ಪೇಚಾಟ. ಯಾವ ಕಚೇರಿಯ ಲೆಕ್ಕದಲ್ಲೂ ಸೆಟ್ ದೋಸೆಗೆ ಜಾಗವಿರಲಿಲ್ಲ. ಮಧ್ಯದವರಾದ ಪ್ರೇಮ್‌ಕುಮಾರ್ ಕೊಟ್ಟರು.

ಮರುದಿನ ಪ್ರೇಮ್‌ಕುಮಾರ್ ಮಹಾದೇವಸ್ವಾಮಿಯವರನ್ನು ಕರೆದುಕೊಂಡು ಹೆಮ್ಮರಗಾಲದ ಮನೆಮನೆ ಸುತ್ತಿ ಟ್ರಂಕು ತೆಗೆಸಿದರು. ಮನುಷ್ಯರ ಅಂಕಿ ಮನುಷ್ಯರ ಕಾಲಂಗೆ, ಹಸುವಿನದು ಹಸುವಿನ ಕಾಲಂಗೆ. "ಇದನ್ನ ಮೊದ್ಲೇ ಮಾಡಿದ್ರೆ ನನ್ನ ಯಾರೂ ಬಯ್ತಿರ್ನಿಲ್ವಲ್ಲ," ಎಂದು ಮಹಾದೇವಸ್ವಾಮಿ ಇಡೀ ದಿನ ಹೇಳಿದ್ದನ್ನೇ ಹೇಳಿದರು. ದೊಡ್ಡಸಿದ್ದಯ್ಯ ಮೊಮ್ಮಗನ ಪೋಷಣೆಯಿಂದ ಬಿಡುಗಡೆಯಾದ ಸಂತೋಷಕ್ಕೆ ಅವನ ಎದುರಿಗೇ ಒಂದು ಬೀಡಿ ಹಚ್ಚಿದರು.

ಆಡಳಿತ ಮಂಡಳಿಯ ಸಭೆಯ ಬೆಳಿಗ್ಗೆ. ಹೆಮ್ಮರಗಾಲದ ಡೈರಿ, ಅದೇ ಕ್ಯಾನು, ಅದೇ ಸಾಲು. ಲ್ಯಾಪ್‌ಟಾಪಿನಲ್ಲಿ ಕೆಂಪು ಎಲ್ಲೂ ಇಲ್ಲ.

"ಏನ್ಲಾ ಪ್ರೇಮ, ಇವತ್ತು ನಂಗೆಷ್ಟ್ ವರ್ಸ?"

"ಅರವತ್ತಾರು ಕಣವ್ವ."

ಪುಟ್ಟಮಾದಮ್ಮ ಬಿಂದಿಗೆ ಕೆಳಗಿಳಿಸುತ್ತಾರೆ.

"ಅಯ್ಯೋ ಪಾಪಿ, ಒಂದೇ ರಾತ್ರೀಲಿ ಅರವತ್ತೆರಡು ವರ್ಸ ಮುದ್ಕಿ ಮಾಡ್ಬುಟ್ಟಲ್ಲೋ! ಅಸೀಗೆ?"

"ನಾಲ್ಕೇ. ಅದಕ್ಕೇನೂ ಆಗಿಲ್ಲ."

"ಅದೃಷ್ಟ ಮಾಡ್ಯದೆ ಮುಂಡೇದು." ಆಮೇಲೆ ದನಿ ತಗ್ಗಿಸುತ್ತಾರೆ. "ಆ ಪೋಷಕ್ರ ಜಾಗ್ದಲ್ಲಿ ಏನದೆ ಈಗ?"

ಪ್ರೇಮ್‌ಕುಮಾರ್ ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸುತ್ತಾರೆ. ಅವರಿಗೆ ಓದಲು ಬರುವುದಿಲ್ಲ. ಆದರೆ ಖಾಲಿ ಜಾಗ ಖಾಲಿ ಎಂದು ತಿಳಿಯುವುದಕ್ಕೆ ಓದು ಬೇಕಿಲ್ಲ. ಅವರು ಬಗ್ಗಿ, ಬೆರಳಿಟ್ಟು, ಆ ಜಾಗವನ್ನು ಸ್ವಲ್ಪ ಹೊತ್ತು ನೋಡುತ್ತಾರೆ. ಪರದೆಯ ಮೇಲೆ ಹಾಲಿನ ಗುರುತು ಉಳಿಯುತ್ತದೆ.

"ಇಷ್ಟು ಮಾಡಕ್ಕೆ ಇಷ್ಟ್ ದಿನ ಬೇಕಾಯ್ತೇನ್ಲಾ ನಿಂಗೆ? ಓದ್ದೋನಂತೆ!"

"ನಿಧಾನ ಕಣವ್ವ ನಾನು."

"ಗೊತ್ತು ಬುಡು. ಉಂಡಿ ವಾಪಸ್ ಕೊಡ್ಬೇಕಾ? ದೊಡ್ಡೋಳಾದೆನಲ್ಲ."

"ಇಟ್ಕೊ ಅವ್ವ."

ಆ ಕೆಂಪು ಹಂದಿಮರಿ ಈಗ ಗೌರಿಯ ಹಟ್ಟಿಯ ಗೂಡಿನಲ್ಲಿ ಕೂತಿದೆ. ಆಡಳಿತ ಮಂಡಳಿ ನಮೂನೆಗೆ ಒಪ್ಪಿಗೆ ಕೊಟ್ಟಿದೆ. ಪ್ರೇಮ್‌ಕುಮಾರ್ ಗುತ್ತಿಗೆ ಇನ್ನೊಂದು ವರ್ಷ ಮುಂದುವರಿದಿದೆ. ಇನ್ನು ಹಳ್ಳಿ ಹಳ್ಳಿಗೂ ಹೋಗಿ ಟ್ರಂಕು ತೆಗೆಸಬೇಕು. ನಿಮಗೇನು ಬೇಕು ಎಂದು ಕೇಳಿದರೆ ಬಹಳ ಹೊತ್ತು ಯೋಚಿಸುತ್ತಾರೆ. "ಒಂದು ಕುರ್ಚಿ ಸಿಕ್ರೆ ಒಳ್ಳೇದು. ಕ್ಯಾನಿನ ಮೇಲೆ ಕೂತು ಕೂತು ಹಿಂದುಗಡೆ ಅಚ್ಚು ಬಿದ್ದಿದೆ. ಮನೇಲಿ ನಗ್ತಾರೆ." ಈ ನಮೂನೆ ತಾನು ಮಾಡಿದ್ದು ಎಂದು ಅವರಾಗಿ ಎಲ್ಲೂ ಹೇಳಿಕೊಳ್ಳುವುದಿಲ್ಲ. ಅಪ್ಪ ಚಲುವಯ್ಯ ಮಾತ್ರ ಊರಿನಲ್ಲಿ ಮಾತು ಬದಲಾಯಿಸಿದ್ದಾರೆ: "ರೋಡಲ್ಲಿದ್ದ. ಈಗ ಆ ರೋಡೂ ಬ್ಯಾಡ ಅಂತ ಮಾಡವ್ನೆ. ಮುಂದೆ ಎಲ್ಲಿರ್ತಾನೋ ಕಾಣೆ."

ಬೆಳಗಿನ ಸಾಲಿನಲ್ಲಿ ಪುಟ್ಟಮಾದಮ್ಮ ಈಗಲೂ ಅವರನ್ನು ರೇಗಿಸುತ್ತಾರೆ. ವಯಸ್ಸು ಕೇಳುವುದಿಲ್ಲ, ಅವರ ನಿಧಾನವನ್ನು ಆಡಿಕೊಳ್ಳುತ್ತಾರೆ. ಬಸವನಹುಳ ಎಂದು ಹೆಸರಿಟ್ಟಿದ್ದಾರೆ, ಊರೂ ಹಾಗೆಯೇ ಕರೆಯುತ್ತದೆ. ಪ್ರೇಮ್‌ಕುಮಾರ್ ನಕ್ಕು ತಲೆ ಬಗ್ಗಿಸಿಕೊಳ್ಳುತ್ತಾರೆ.

ಆ ಚೌಕಕ್ಕೆ ಯಾವುದೋ ಒಂದು ಹೆಸರು ಒತ್ತಿ ಮೊದಲ ಬೆಳಿಗ್ಗೆಯೇ ಇದನ್ನೆಲ್ಲ ಮುಗಿಸಬಹುದಿತ್ತು ಎಂದು ಅವರು ಪುಟ್ಟಮಾದಮ್ಮನಿಗೆ ಯಾವತ್ತೂ ಹೇಳಲಿಲ್ಲ.